ಓಗೊಡದ ಜುಂಬಣ್ಣ

ನಾನು ಸುಳ್ಳೇ ಹೇಳದ ಸತ್ಯವಂತನಲ್ಲ. ತಡವಾಗಿ ಮನೆ ಸೇರಿದಾಗ ಹೆಂಡತಿಗೆ ಹೇಳಿದ್ದೇನೆ, ಸಾಹೇಬರಿಗೂ ಹೇಳಿದ್ದೇನೆ. ಆದರೆ ಜನರನ್ನು ಹೆದರಿಸುವಂಥ ಸುಳ್ಳು ಕಟ್ಟಲು ಎದೆಗಾರಿಕೆ ಬೇಕು. ಅದು ನನ್ನಲ್ಲಿಲ್ಲ. ಹೀಗಾಗಿ ಇದು ನಡೆದದ್ದೇ. ನಡೆಯದೇ ಇದ್ದಿದ್ದರೆ ನನಗೆ ಈಗಿನದಕ್ಕಿಂತ ಚಲೋ ನಿದ್ದೆ ಬರುತ್ತಿತ್ತು.

ದೊಡ್ಡ ಯುದ್ಧದ ಕಾಲ. ನಾನಾಗ ಹಾನಗಲ್ಲಿನ ಕಚೇರಿಯಲ್ಲಿ ಕಾರಕೂನ, ನಲವತ್ತು ದಾಟಿತ್ತು. ತಾಲೂಕಿನ ಪಡುವಣಕ್ಕೆ, ಅಡವಿಯ ಅಂಚಿಗೆ, ಹಬಶಿಕೊಪ್ಪ ಅಂತ ಹತ್ತಿಪ್ಪತ್ತು ಗುಡಿಸಲುಗಳ ಊರು. ಅಲ್ಲಿರುವವರು ಸಿದ್ದಿಗಳು. ಅವರ ಹಿರಿಯರನ್ನು ಆಫ್ರಿಕಾದಿಂದ ಹಡಗಿನಲ್ಲಿ ತಂದು ಮಾರಿದ್ದರಂತೆ. ಅವರಲ್ಲಿ ಕೆಲವರು ಸವಣೂರ ಸೀಮೆಯ ಯಾರದೋ ವಾಡೆಯಿಂದ ತಪ್ಪಿಸಿಕೊಂಡು ಬಂದು ಇಲ್ಲಿ ಒಲೆ ಹೂಡಿದರು. ಸುತ್ತಲಿನವರು ಹಬಶಿಗಳ, ಅಂದರೆ ಆಫ್ರಿಕಾದವರ, ಕೊಪ್ಪ ಅಂದರು. ಹೆಸರು ನಿಂತಿತು.

ಆ ವರ್ಷ ತಾಲೂಕಿನ ನಕ್ಷೆಯನ್ನು ಹೊಸದಾಗಿ ಬರೆಯುವುದಿತ್ತು. ಪಕ್ಕದ ಹೊಲಗಳ ದೇಸಾಯರಿಗೆ ಆ ಊರಿಗೆ ತಮ್ಮ ತಂದೆಯ ಹೆಸರಿಡುವ ಆಸೆ. ನರಸಾಪುರ! ನನ್ನ ಕೆಲಸ ಇಷ್ಟೇ: ಊರಿಗೆ ಹೋಗಿ ಹೊಸ ಹೆಸರು ಓದಿ ಹೇಳುವುದು. ತಕರಾರು ಇದ್ದವರ ಹೆಸರನ್ನು ಊರವರೊಬ್ಬರು ನನ್ನೆದುರು ಒಂದೊಂದಾಗಿ ಕೂಗಬೇಕು, ಅವರು ಹಾಜರ್ ಅನ್ನಬೇಕು. ಮರುದಿನ ಮುಂಜಾನೆಯೊಳಗೆ ಹನ್ನೆರಡು ಹಾಜರಿ ಬಿದ್ದರೆ ಹಳೆಯ ಹೆಸರು ಉಳಿಯುತ್ತದೆ. ಇಲ್ಲವಾದರೆ ಹಬಶಿಕೊಪ್ಪ ಮುಗಿಯಿತು.

ಊರವರೆಲ್ಲ ಯುದ್ಧದ ಕಟ್ಟಿಗೆ ಕಡಿಯಲು ಅಡವಿಯೊಳಗೆ ಹೋದ ವಾರ ನೋಡಿಯೇ ದೇಸಾಯರ ಕಾರಭಾರಿ ನನ್ನನ್ನು ಕರೆಸಿದ್ದ. ಸಂಜೆ ಊರಲ್ಲಿ ಸಿಕ್ಕದ್ದು ಒಂದೇ ಒಂದು ಜೀವ... ಹುಸೇನವ್ವ ಎಂಬ ಮುದುಕಿ.

"ತಕರಾರಿಲ್ಲ ಅಂತ ಬರ್ಕೊಳ್ರಿ ರಾಯರ," ಅಂದ ಕಾರಭಾರಿ. "ಹಬಶಿ ಅನಸ್ಕೊಳ್ಳಾಕ ಇವರಿಗೂ ನಾಚಿಕಿ ಇರ್ತದ."

"ನಾಚಿಕಿ ಮಾರಿದವರಿಗಿರ್ಲಿ," ಅಂದಳು ಹುಸೇನವ್ವ. "ಮಾರಿಸ್ಕೊಂಡವರಿಗ್ಯಾಕ? ತಕರಾರು ಐತಿ, ಬರೀರಿ."

"ನೀ ಒಬ್ಬಾಕಿ. ಇನ್ನ ಹನ್ನೊಂದ್ ಮಂದೀನ ಎಲ್ಲಿಂದ ತರ್ತಿ? ಹುಣಸಿಗಿಡ ಅಲ್ಲಾಡಿಸಿ ಉದುರಸ್ತೀಯೇನು?"

"ಅದಾರ. ರಾತ್ರಿ ಕರೀತೇನಿ."

ಕಾರಭಾರಿ ನಕ್ಕು, ಮುಂಜಾನೆ ಬರುವುದಾಗಿ ಹೇಳಿ ಚಕ್ಕಡಿ ಹತ್ತಿದ. ನನಗೆ ನಗು ಬರಲಿಲ್ಲ. 'ರಾತ್ರಿ' ಎಂಬ ಶಬ್ದವೇ ನನಗೆ ಒಗ್ಗುವುದಿಲ್ಲ. ಚೀಲದಲ್ಲಿ ಎರಡು ಕಡ್ಡಿಪೆಟ್ಟಿಗೆ, ಒಣಶುಂಠಿ, ಬೇಸಿಗೆಯಲ್ಲೂ ಒಂದು ಛತ್ರಿ ಇಟ್ಟುಕೊಳ್ಳುವ ಮನುಷ್ಯ ನಾನು.

ಅವಳ ಗುಡಿಸಲ ಕಟ್ಟೆಯ ಮೇಲೆ ಕಂಬಳಿ ಹೊದ್ದು ಬಿದ್ದಿದ್ದೆ. ಮೊದಲು ಬಂದದ್ದು ವಾಸನೆ... ಬೆಂಕಿಗೆ ಹಿಡಿದ ಚರ್ಮದ್ದು, ಲೋಬಾನದ್ದು. ಆಮೇಲೆ ಸದ್ದು. ಧಮ್... ಧಮ್... ಕಿವಿಗಿಂತ ಮೊದಲು ಪಕ್ಕೆಲುಬಿಗೆ ತಾಗುವ ಸದ್ದು.

ಅಂಗಳದಲ್ಲಿ ಹುಸೇನವ್ವ ಡಮಾಮಿಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಕುಳಿತಿದ್ದಳು. ಎರಡೂ ಬದಿಗೆ ಚರ್ಮ ಬಿಗಿದ ಉದ್ದನೆಯ ಮದ್ದಲೆ ಅದು.

"ದಪ್ತರ ತರ್ರಿ," ಅಂದಳು ಮೆಲ್ಲಗೆ. "ಹಿರ್ಯಾರನ್ನ ಕೂಗತೇನಿ. ಯಾವಾಗ್ಲೂ ಅವರವರ ಮನಿಯವರು ಅವರ ಬದ್ಲಿ ಓ ಅಂತಾರ. ಒಂದು ಹೆಸರು ಖಾಲಿ ಹೋತಂದ್ರ ಎಲ್ಲಾರೂ ಹೊಳ್ಳಿ ಹೋಗ್ತಾರ."

"ಇವತ್ತ ಊರಾಗ ಯಾರೂ ಇಲ್ಲಲ್ಲವ್ವ... ಓ ಅನ್ನೋರು ಯಾರು?"

"ಇವತ್ತ ಹಿರ್ಯಾರು ತಾವ ಅಂತಾರ. ನೀವು ಬರೀರಿ."

ಓಡಿಹೋಗಬಹುದಿತ್ತು. ಆದರೆ ಓಡಬೇಕಾದ ದಾರಿ ಅಂಗಳಕ್ಕಿಂತ ಕತ್ತಲಾಗಿತ್ತು. ಕುಳಿತೆ.

"ಬಿಲಾಲಪ್ಪಾ..."

ಹುಣಸೆಗಿಡದ ಹಿಂದಿನಿಂದ, ಕಫ ಕಟ್ಟಿದ ಗಂಟಲಿನಲ್ಲಿ: "ಓ..."

ನನ್ನ ಲೇಖಣಿ ತಾನಾಗಿ ಬರೆಯಿತು.

"ಮೋತವ್ವಾ..."

ಬಾವಿಯ ಕಡೆಯಿಂದ, ಹರೆಯದ ಹೆಣ್ಣುದನಿ: "ಓ..."

ಮೂರು, ನಾಲ್ಕು, ಐದು... ಒಂದು ದನಿಯಂತೆ ಇನ್ನೊಂದಿಲ್ಲ. ಎಂಟನೆಯದು ನನ್ನ ಬೆನ್ನ ಹಿಂದೆಯೇ ಬಂತು. ಅದರ ಜೊತೆ ಉಪ್ಪಿನ ವಾಸನೆ, ನೆನೆದ ಹಗ್ಗದ ವಾಸನೆ. ನಾನು ಹುಟ್ಟಿದಾಗಿನಿಂದ ಸಮುದ್ರ ನೋಡಿದವನಲ್ಲ. ಆದರೂ ಅದು ಸಮುದ್ರವೇ ಎಂದು ಗೊತ್ತಾಯಿತು. ತಿರುಗಿ ನೋಡಲಿಲ್ಲ. ನೋಡಬಾರದು ಎಂದು ಯಾರೂ ಹೇಳಿರಲಿಲ್ಲ, ನನಗೇ ಬೇಡವಾಗಿತ್ತು.

ಹುಸೇನವ್ವನನ್ನೂ ಹಿಡಿದು ಹನ್ನೊಂದಾಯಿತು. ಬೇಕಾದದ್ದು ಇನ್ನೊಂದೇ ಹೆಸರು.

"ಜುಂಬಣ್ಣಾ..."

ಉತ್ತರವಿಲ್ಲ. ಡಮಾಮಿಯ ಸದ್ದು ಸಡಿಲಾಯಿತು.

"ಆಂವ ಓ ಅನ್ನಂಗಿಲ್ಲ," ಅಂದಳು ಹುಸೇನವ್ವ. "ಈ ಊರಿನ ಮೊದಲ ಒಲಿ ಅವಂದ. ವಾಡೇದಾಗ ಮಾಲಕರು ಕೂಗಿದಾಗೆಲ್ಲ ಓ ಅಂದು ಅಂದು, ಇನ್ನ ಯಾರ್ ಕೂಗಿದ್ರೂ ಓಗೊಡಂಗಿಲ್ಲ ಅಂತ ಆಣಿ ಮಾಡಿ ಬಂದಾಂವ. ಅವನ ಬದ್ಲಿ ನನ್ನ ಗಂಡ ಅಂತಿದ್ದ. ಹ್ವಾದ ವರ್ಸ ಅಂವನೂ ತೀರಿದ."

"ನೀನ ಅಂದುಬಿಡವ್ವ!"

"ಕೂಗಿದಾಕಿ ಓಗೊಡಂಗಿಲ್ರಿ... ಜುಂಬಣ್ಣಾ..."

ಕತ್ತಲಲ್ಲಿ ಹೆಜ್ಜೆಗಳು. ತರಗೆಲೆ ತುಳಿಯುತ್ತ, ಒಂದೊಂದಾಗಿ... ದೂರ ಹೋಗುತ್ತಿದ್ದವು.

"ಜುಂಬಣ್ಣಾ!" ಮೂರನೆಯ ಕೂಗು. ಅದು ಕೂಗಲ್ಲ, ಅಳು.

ಇಪ್ಪತ್ತು ವರ್ಷ ದಿನಾ ಮುಂಜಾನೆ ಕಚೇರಿಯಲ್ಲಿ ಎದ್ದು ನಿಂತು ಹೇಳಿದ ಮಾತು. ನಾಲಿಗೆಗೆ ಬೇರೆ ಏನೂ ಗೊತ್ತಿಲ್ಲ. ಎದ್ದೇ ನಿಂತೆ.

"ಹಾಜರ್!"

ಹೆಜ್ಜೆಗಳು ನಿಂತವು. ಆಮೇಲೆ ಸುತ್ತಲೂ, ಬಹಳ ಹತ್ತಿರದಲ್ಲಿ, ಒಂದು ನಗೆ ಎದ್ದಿತು. ಕೆಟ್ಟ ನಗೆಯಲ್ಲ. ಮದುವೆಮನೆಯಲ್ಲಿ ಪೆದ್ದ ಅಳಿಯ ಸರಿಯಾದ ಮಾತಾಡಿದಾಗ ಏಳುವಂಥದು. ಡಮಾಮಿ ಬೆಳಗಿನವರೆಗೂ ನಿಲ್ಲಲಿಲ್ಲ.

"ಚಲೋ ಮಾಡಿದ್ರಿ ಯಪ್ಪಾ," ಅಂದಳು ಹುಸೇನವ್ವ. ಡಮಾಮಿಯನ್ನು ಕೆಳಗಿಟ್ಟು, "ಆದ್ರ ಅವನ ಆಣಿ ಗೊತ್ತಿದ್ದೂ ಮಾಡಿದ್ರಿ..."

ಮುಂಜಾನೆ ಕಾರಭಾರಿ ದಪ್ತರ ಓದಿದ. ಮುಖ ಕಪ್ಪಿಟ್ಟಿತು.

"ಇವರೆಲ್ಲಾ ಸತ್ತವರು! ಈ ಜುಂಬಣ್ಣ ನಮ್ಮ ಮುತ್ಯಾನ ಮುತ್ಯಾನ ಕಾಲದಾಂವ. ಹಾಳಿ ಹರೀರಿ!"

ದಪ್ತರವನ್ನು ಅವನ ಕೈಯಿಂದ ತೆಗೆದುಕೊಂಡೆ. ಬಾಯಿ ತಾನಾಗಿ ಮಾತಾಡಿತು.

"ನನ್ನೆದುರಿಗೆ ಕೂಗಿದ್ರು. ಓಗೊಟ್ಟರು. ನಾ ಕೇಳೇನಿ. ಜೀವಂತ ಇರಬೇಕು ಅನ್ನೋ ಕಲಮು ಕಾಯ್ದೇದಾಗ ಇಲ್ರಿ."

"ನೌಕರಿ ಹೋಗ್ತದ, ರಾಯರ!"

"ಹೋಗ್ಲಿ. ಊರಿನ ಹೆಸರು ಹೋಗಂಗಿಲ್ಲ."

ಅಷ್ಟು ದಪ್ಪ ದನಿ ನನ್ನದಲ್ಲ. ಕಾರಭಾರಿಗೂ ಅದು ತಿಳಿಯಿತೇನೋ, ಒಂದು ಹೆಜ್ಜೆ ಹಿಂದೆ ಸರಿದ.

ನಾನು "ಸಮಕ್ಷಮ ಹಾಜರ್" ಎಂದು ಬರೆದು ಸಹಿ ಹಾಕಿದೆ. ಮೇಲಿನವರು ಹೆಸರುಗಳನ್ನು ಓದಲಿಲ್ಲ, ಎಣಿಸಿದರು ಅಷ್ಟೇ. ಹೊಸ ನಕ್ಷೆಯಲ್ಲಿ ಹಬಶಿಕೊಪ್ಪ ಹಬಶಿಕೊಪ್ಪವೇ.

ಆದರೆ ನಾನು ಆ ಊರಿಂದ ಮರಳಿದ ಮರುದಿನವೇ ಕಚೇರಿಯಲ್ಲಿ ಸಾಹೇಬರು ಹಾಜರಿ ಕೂಗಿದರು. ನನ್ನ ಹೆಸರು ಬಂತು. ಬಾಯಿ ತೆರೆದೆ... ಶಬ್ದ ಹೊರಡಲಿಲ್ಲ. ಇನ್ನೊಮ್ಮೆ ಕೂಗಿದರು. ಇಲ್ಲ. ಪಕ್ಕದ ಕಾರಕೂನ ನನ್ನ ಪರವಾಗಿ ಹಾಜರ್ ಅಂದ.

ಇವತ್ತಿಗೂ ಹಾಗೇ. ಮಾತಾಡುತ್ತೇನೆ, ಹೆಂಡತಿಯ ಜೊತೆ ಜಗಳ ತೆಗೆಯುತ್ತೇನೆ. ಯಾರಾದರೂ ಹೆಸರು ಹಿಡಿದು ಕೂಗಿ ಉತ್ತರಕ್ಕೆ ಕಾದರೆ ಮಾತ್ರ ಗಂಟಲು ಮುಚ್ಚುತ್ತದೆ. "ಕರದ್ರ ಓ ಅನ್ನಾಕ ಏನಾಗೇದ್ರಿ ನಿಮಗ?" ಅಂತ ಅವಳು ಬೈಯುತ್ತಾಳೆ. ವೈದ್ಯರು ನಾಲಿಗೆ ನೋಡಿ ಕಷಾಯ ಕೊಟ್ಟರು.

ಸಾಹೇಬರು ನನ್ನ ನೌಕರಿಯ ಕಾಗದದಲ್ಲಿ 'ಸೊಕ್ಕಿನ ಮನುಷ್ಯ' ಎಂದು ಬರೆದರು. ಜಿರಲೆಗೆ ಹೆದರುವ ನನ್ನನ್ನು! ಓದಿ ಕ್ಷಮೆ ಬೇಡಲು ಎದ್ದೆ. ಆದರೆ ಅದೇ ಹೊತ್ತಿಗೆ ತುಟಿಗಳು ಬಿಗಿದು, ಒಂದು ಮೂಲೆ ಮೇಲಕ್ಕೆದ್ದಿತು. ನಗುತ್ತಿದ್ದವನು ನಾನಲ್ಲ...