ಕಡ್ಡಾಯ ಮತ್ತು ‘ಇದ್ದರೆ ಇರಲಿ’

ಮಹಾರಾಷ್ಟ್ರದ ಗಡಿಗೆ ಹತ್ತಿದ ಮಂಗಸೂಳಿಯ ಹಾಲಿನ ಡೇರಿಗೆ ಮರಾಠಿ, ಕನ್ನಡ ಎರಡರಲ್ಲೂ ಲೆಕ್ಕದ ಚೀಟಿ ಮುದ್ರಿಸುವ ಪ್ರೋಗ್ರಾಂ ಬರೆದವನು ನಾನು. ಹೊಸ ಕಂಪ್ಯೂಟರಿನಲ್ಲಿ ಅದನ್ನು ಓಡುವಂತೆ ಕಂಪೈಲ್ ಮಾಡಿಕೊಟ್ಟವನು ನಿಪ್ಪಾಣಿಯ ಗೆಳೆಯ. ಮೊದಲ ಚೀಟಿ ಹೊರಬಂತು. ಮೇಲಿನ ಮರಾಠಿ ಮುತ್ತು ಪೋಣಿಸಿದಂತಿತ್ತು. ಕೆಳಗೆ ಕನ್ನಡವಿರಬೇಕಾದಲ್ಲಿ ಬರೀ ಖಾಲಿ ಚೌಕಗಳು. ಮೈಯೆಲ್ಲ ಉರಿದು ಗೆಳೆಯನಿಗೆ ಫೋನ್ ಹಚ್ಚಿದೆ.

“ಕಂಪೈಲ್ ಮಾಡೂಕಿಂತ ಮೊದಲ ತಪಾಸಣೆ ನಡೀತೈತಲ್ಲೋ! ಕನ್ನಡದ ಅಕ್ಷರ ಮೂಡಿಸೂ ಲೈಬ್ರರಿ ಇಲ್ಲಂತ ಅದು ಹೇಳಲಿಲ್ಲೇನು?”

“ಹೇಳ್ತು. ಹೇಳಿ ಸುಮ್ಮನ ಮುಂದ ಹೋತು. ಮರಾಠಿದು ಇಲ್ಲಂದಾಗ ಮಾತ್ರ ಅಲ್ಲೇ ನಿಂತಬಿಡ್ತು ನೋಡು. ಅದಕ್ಕ ಅದೊಂದು ಹಾಕೀನಿ.”

ಆ ತಪಾಸಣೆಯನ್ನು ಬರೆದವನೂ ನಾನೇ. ಮರಾಠಿಗೆ ‘ಕಡ್ಡಾಯ’ ಎಂದೂ ಕನ್ನಡಕ್ಕೆ ‘ಇದ್ದರೆ ಇರಲಿ’ ಎಂದೂ ಗುರುತು ಹಾಕಿದ್ದೆ. ಮರಾಠಿ ಬಿಟ್ಟುಹೋದರೆ ಕೇಳುವವರಿದ್ದಾರೆ, ಕನ್ನಡ ಹೋದರೆ ಯಾರು ಕೇಳುತ್ತಾರೆ ಎಂದುಕೊಂಡಿದ್ದೆ. ನಾನು ಬರೆದದ್ದರ ಮೇಲೆ ನನಗೇ ಹೇಸಿಗೆಯಾಯಿತು.

ಹಾಲು ಹಾಕಲು ಬಂದಿದ್ದ ಅಜ್ಜಿ ಆ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, ನನ್ನನ್ನೇ ಸಮಾಧಾನ ಮಾಡಿದಳು: “ಇರ್ಲಿ ಬಿಡ್ರಿ. ಮರಾಠಿ ಐತಲ್ಲ.”

ನನ್ನ ಎಣಿಕೆ ಸರಿಯಾಗಿಯೇ ಇತ್ತು. ಥೂ!