ಹೊಸ ಕಾಯ್ದೆ ಮತ್ತು ಕಾಕಾನ ಚಹಾ

ಗೆಳೆಯರೇ, ನವಿ ಮುಂಬಯಿಯ ವಾಶಿಯಲ್ಲಿರುವ ನಮ್ಮ ಹೋಟೆಲಿನ ಗಲ್ಲಾದಲ್ಲಿ ಇಂದು ಅಪ್ಪ ಮುಖ ಊದಿಸಿಕೊಂಡು ಕೂತಿದ್ದರು. ಪಕ್ಕದ ಲ್ಯಾಬಿನವರು ನಮ್ಮ ಗಿರಾಕಿಗಳ ರಕ್ತದ ರಿಪೋರ್ಟನ್ನು ಇಷ್ಟು ವರ್ಷ ಅಪ್ಪನ ಕೈಗೇ ಕೊಟ್ಟು ಹೋಗುತ್ತಿದ್ದರು. ಅಪ್ಪ ಅವನ್ನೆಲ್ಲ ಓದಿ, ಯಾರ ಚಹಾಕ್ಕೆ ಸಕ್ಕರೆ ಬೇಡವೆಂದು ತೀರ್ಮಾನಿಸುತ್ತಿದ್ದರು.

"ಅಣ್ಣಾ, ಹೊಸ ಕಾಯ್ದೆ ಬಂದಿದೆ. ಪೇಶಂಟ್ ಒಪ್ಪದೆ ಇನ್ನು ಯಾರಿಗೂ ರಿಪೋರ್ಟ್ ಕೊಡೋ ಹಾಗಿಲ್ಲ," ಎಂದು ಲ್ಯಾಬಿನ ಸುಜಾತಾ ಬೆಳಿಗ್ಗೆ ಹೇಳಿದ್ದಳು.

ಸಂಜೆ ನಮ್ಮ ಖಾಯಂ ಗಿರಾಕಿ, ಧಾರವಾಡ ಕಡೆಯ ಕುಲಕರ್ಣಿ ಕಾಕಾ ಹುಮ್ಮಸ್ಸಿನಿಂದ ಬಂದರು. "ಶೆಟ್ಟ್ರೇ, ಇವತ್ತ ಸಕ್ಕರಿ ಹಾಕಿ ಚಹಾ ಕೊಡ್ರಿ."

"ರಿಪೋರ್ಟ್ ಎಂತ ಬಂತು ಮಾರಾಯ್ರೇ?"

"ಅದು ನನ್ನ ಪ್ರೈವಸಿ ಅದ!"

ಅಪ್ಪ ಸಕ್ಕರೆಯಿಲ್ಲದ ಚಹಾ ತಂದಿಟ್ಟು ಎದುರಿಗೇ ಕೂತರು. ಒಂದು ಗುಟುಕು ಕುಡಿದ ಕಾಕಾ ಮುಖ ಹುಳ್ಳಗೆ ಮಾಡಿಕೊಂಡು, ಮೊಬೈಲಿಗೆ ಬಂದಿದ್ದ ರಿಪೋರ್ಟನ್ನು ತಾವೇ ಮುಂದೆ ಹಿಡಿದರು. "ನೋಡ್ರಿ, ಜಾಸ್ತಿನೇ ಅದ."

ರಿಪೋರ್ಟಿಗೆ ಪೇಶಂಟಿನ ಒಪ್ಪಿಗೆ ಸಿಕ್ಕಿತು. ಚಹಾಕ್ಕೆ ಮಾತ್ರ ಅಪ್ಪ ಇನ್ನೂ ಯಾರ ಒಪ್ಪಿಗೆಯನ್ನೂ ಕೇಳುವುದಿಲ್ಲ.