ಪದ್ದು ಹೇಳಿದ್ದು ಅದಲ್ಲ

ನನ್ನ ತಂಗಿ ಪದ್ದು ಕೈಸನ್ನೆಯಲ್ಲಿ ಹೋಗುತ್ತೇನೆ ಎಂದಳು. ನಾನು ಎಲ್ಲರಿಗೂ ಕೇಳುವಂತೆ, "ಹೋಗಲ್ಲ ಅಂತಾಳೆ" ಎಂದೆ. ಹನ್ನೆರಡು ವರ್ಷದಿಂದ ಇದನ್ನು ಯಾರ ಮುಂದೆಯೂ ಬಾಯಿಬಿಟ್ಟಿಲ್ಲ.

ಪದ್ದುವಿಗೆ ಹುಟ್ಟಿನಿಂದಲೇ ಕಿವಿ ಕೇಳುವುದಿಲ್ಲ, ಮಾತೂ ಬರಲಿಲ್ಲ. ಹೊಸನಗರದ ಶಾಲೆಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತು, ಬೋರ್ಡಿನ ಮೇಲಿದ್ದದ್ದನ್ನು ಚಿತ್ರ ಬಿಡಿಸಿದ ಹಾಗೆ ಪುಸ್ತಕಕ್ಕೆ ಇಳಿಸಿಕೊಳ್ಳುತ್ತಿದ್ದಳು. ಅದರ ಅರ್ಥ ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಒಂದೇ ಚಾಪೆಯಲ್ಲಿ ಮಲಗಿ ಬೆಳೆದ ನಮ್ಮಿಬ್ಬರಿಗೆ ನಮ್ಮದೇ ಒಂದು ಕೈಭಾಷೆಯಿತ್ತು. ಅಪ್ಪ ಅಮ್ಮನಿಗೆ ಅದರಲ್ಲಿ ಗೊತ್ತಿದ್ದದ್ದು ಊಟ, ನೀರು, ಬಾ, ಹೋಗು—ಇಷ್ಟೇ. ಉಳಿದದ್ದಕ್ಕೆಲ್ಲ ನಾನೇ ಅವಳ ಬಾಯಿ.

ತುರ್ತು ಪರಿಸ್ಥಿತಿಯ ದಿನಗಳಲ್ಲಿ ಆ ಶಾಲೆಗೆ ಹೊಸ ಟೀಚರೊಬ್ಬರು ಬಂದರು. ಇಕ್ಕೇರಿಗೆ ಪ್ರವಾಸ ಹೋಗಿ ಬಂದ ಪದ್ದು ಸೀಮೆಸುಣ್ಣದ ತುಂಡನ್ನು ಪಿನ್ನಿನಿಂದ ಕೆತ್ತಿ, ಅಲ್ಲಿ ಕಂಡ ಬಸವಣ್ಣನನ್ನು ಗೆಜ್ಜೆಸರ ಸಮೇತ ಮಾಡಿದ್ದಳು. ಅದನ್ನು ಅಂಗೈಯಲ್ಲಿಟ್ಟುಕೊಂಡು ಟೀಚರ್ ನಮ್ಮ ಮನೆಗೇ ಬಂದರು. ಸಾಗರದಲ್ಲಿ ಗಂಧದ ಕೆತ್ತನೆಯವರೊಬ್ಬರಿದ್ದಾರೆ, ಗಂಡ ಹೆಂಡತಿ ಇಬ್ಬರೂ ಒಳ್ಳೆಯವರು, ಮನೆಯಲ್ಲೇ ಇಟ್ಟುಕೊಂಡು ಕಲಿಸುತ್ತಾರೆ ಎಂದರು. ಒಂದಲ್ಲ, ಮೂರು ಸಲ ಬಂದರು.

"ಎಂತಕ್ಕೆ ಬೇಕಂತೆ ಅವರಿಗೆ ನಮ್ಮನೆ ಉಸಾಬರಿ?" ಎಂದು ಅಪ್ಪ ಗೊಣಗಿದರು.

ಆಗ ಕಾಗದ ಪೆನ್ನು ಹಿಡಿದು ಬಂದವರನ್ನು ಕಂಡರೆ ಊರಿಗೇ ದಿಗಿಲು. ಹೆಸರು ಬರೆದುಕೊಂಡು ಹೋಗಿ ಆಮೇಲೆ ಮಕ್ಕಳಾಗದ ಹಾಗೆ ಮಾಡುವ ಆಪರೇಷನ್ನಿಗೆ ಎಳೆದೊಯ್ಯುತ್ತಾರೆ ಎಂಬ ಸುದ್ದಿ ಇತ್ತು. ನನಗೂ ಅನುಮಾನ—ಈ ಹೆಂಗಸು ಮೂಗಿಯೊಬ್ಬಳನ್ನು ಯಾರ ಮನೆಯ ಮುಸುರೆ ತಿಕ್ಕಲು ಸಾಗಿಸುತ್ತಿದ್ದಾಳೋ ಎಂದು. ಅವರು ಅಮ್ಮನ ಕೈಯ ಕಾಫಿ ಕುಡಿದು ಹೊಗಳಿದರೆ ಅದರಲ್ಲೂ ಏನೋ ಇದೆ ಎನ್ನಿಸುತ್ತಿತ್ತು.

ಆದರೆ ನಿಜ ಹೇಳಬೇಕು. ಆ ಅನುಮಾನ ನನಗೆ ಅನುಕೂಲವಾಗಿಯೂ ಇತ್ತು. ತೀರ್ಥಹಳ್ಳಿಯ ಗಂಡು ನನ್ನನ್ನು ಒಪ್ಪಿ ಹೋಗಿ ಹದಿನೈದು ದಿನವಾಗಿತ್ತು. ಅಮ್ಮನಿಗೆ ಉಬ್ಬಸ, ನಾಲ್ಕು ಕೊಡ ನೀರು ಸೇದುವಷ್ಟರಲ್ಲಿ ಕೂತುಬಿಡುತ್ತಿದ್ದಳು. ಪದ್ದು ಸಾಗರಕ್ಕೆ ಹೋದರೆ ಮನೆಯಲ್ಲಿ ಉಳಿಯಬೇಕಾದವಳು ಯಾರು? ನಾನು—

ಟೀಚರ್ ನಮ್ಮನ್ನು ಶಾಲೆಗೆ ಕರೆದರು. ಅವರ ಪದ್ಧತಿಯೇ ವಿಚಿತ್ರ. ಪದ್ದುವನ್ನು ತಮ್ಮ ಕುರ್ಚಿಯಲ್ಲಿ ಕೂರಿಸಿ, ನಮ್ಮನ್ನು ಮಕ್ಕಳ ಬೆಂಚಿನಲ್ಲಿ ಕೂರಿಸಿದರು. ಅಪ್ಪನ ಮೊಣಕಾಲು ಗಲ್ಲಕ್ಕೆ ಬರುತ್ತಿತ್ತು.

"ಮೊದ್ಲು ಅವಳು ಹೇಳ್ಲಿ. ಅವಳ ಬದುಕಲ್ವಾ? ಆಮೇಲೆ ನೀವು ಹೇಳಿ," ಎಂದರು ಟೀಚರ್. ನನ್ನ ಕಡೆ ತಿರುಗಿ, "ಸರೋಜಾ, ಕೇಳಮ್ಮ" ಎಂದರು.

ಕೇಳಿದೆ. ಸರಿಯಾಗಿಯೇ ಕೇಳಿದೆ. ಪದ್ದು ಒಂದು ಕ್ಷಣವೂ ಯೋಚಿಸಲಿಲ್ಲ. ಎಡಗೈಯ ತೋರುಬೆರಳನ್ನು ಸೀಮೆಸುಣ್ಣದ ಹಾಗೆ ನೆಟ್ಟಗೆ ಹಿಡಿದು ಬಲಗೈಯ ಉಗುರಿನಿಂದ ಕೆರೆದು ತೋರಿಸಿದಳು. ಎದೆಯನ್ನು ಎರಡು ಸಲ ತಟ್ಟಿಕೊಂಡಳು. ಕೈಯನ್ನು ಕಿಟಕಿಯಾಚೆಯ ರಸ್ತೆಗೆ ಚಾಚಿದಳು. ಕೆತ್ತುತ್ತೇನೆ, ನಾನು, ಹೋಗುತ್ತೇನೆ.

"ಹೋಗಲ್ಲ ಅಂತಾಳೆ. ಮನೆ ಬಿಟ್ಟಿರಕ್ಕೆ ಹೆದ್ರಿಕೆಯಂತೆ."

ನಮ್ಮ ಕೈಭಾಷೆ ಬಾರದ ಟೀಚರ್ ನನ್ನ ಮಾತನ್ನೇ ನಂಬಿದರು, ಮುಖ ಸಪ್ಪಗಾಯಿತು. ಸಾಗರದವರಿಗೆಂದು ಬರೆದಿಟ್ಟಿದ್ದ ಕಾಗದವನ್ನು ಮಡಚಿ ಮೇಜಿನ ಖಾನೆಯೊಳಗಿಟ್ಟರು. ಪದ್ದು ಅದನ್ನು ನೋಡಿದಳು, ಹುಬ್ಬೆತ್ತಿ ನನ್ನನ್ನು ನೋಡಿದಳು—ಏನಂತೆ?

ಈಗ ಬರೆಯಲಿರುವುದು ಮೊದಲಿನದಕ್ಕಿಂತ ಕೆಟ್ಟದ್ದು. ಅವಳಿಗೆ ನಾನು ಕೈಯಲ್ಲಿ ಹೇಳಿದೆ: ಟೀಚರ್ ಬೇಡ ಎಂದರು. ನಿನ್ನ ಕೈಯಲ್ಲಿ ಆಗುವುದಿಲ್ಲವಂತೆ.

ಪದ್ದು ಮೇಜಿನ ಮೇಲಿದ್ದ ಬಸವಣ್ಣನನ್ನು ಎತ್ತಿಕೊಂಡು ಮುಷ್ಟಿಯಲ್ಲಿ ಅಮುಕಿದಳು. ಮನೆ ಮುಟ್ಟುವವರೆಗೂ ಮುಷ್ಟಿ ಬಿಚ್ಚಲಿಲ್ಲ. ಬಿಚ್ಚಿದಾಗ ಅದರಲ್ಲಿದ್ದದ್ದು ಪುಡಿ.

ಮುಂದಿನ ವರ್ಷ ಟೀಚರ್‌ಗೆ ವರ್ಗವಾಯಿತು. ಹೊರಡುವ ಮುನ್ನ ಹೇಳಿ ಹೋಗಲು ಬಂದಿದ್ದರಂತೆ. ಪದ್ದು ಹೊರಗೆ ಬರಲಿಲ್ಲವಂತೆ. ಅಷ್ಟರಲ್ಲಿ ನಾನು ತೀರ್ಥಹಳ್ಳಿಯ ಸೊಸೆಯಾಗಿದ್ದೆ.

ಅಪ್ಪನಿಗೆ ತಿಳಿದಿತ್ತೇ? ಹೋಗು ಎಂಬ ಸನ್ನೆ ಅವರಿಗೆ ಗೊತ್ತಿತ್ತು. ಆ ಹೊತ್ತಿನಲ್ಲಿ ಅವರು ನನ್ನ ಮುಖ ನೋಡಿ, ಆಮೇಲೆ ತಲೆ ತಗ್ಗಿಸಿ ಬೆಂಚಿನ ಮೇಲಿನ ಮಸಿಕಲೆಯನ್ನು ಉಜ್ಜುತ್ತ ಕೂತಿದ್ದರು. ಕೇಳೋಣವೆಂದರೆ ಅವರಿಲ್ಲ. ಹೋದ ವರ್ಷ ಅಮ್ಮನೂ ಹೋದಳು. ಅಲ್ಲಿಯವರೆಗೆ ಅವಳನ್ನು ನೋಡಿಕೊಂಡವಳು ಪದ್ದು. ಈಗ ಪದ್ದು ನನ್ನ ಮನೆಯಲ್ಲಿದ್ದಾಳೆ. ಅಡುಗೆ ಅವಳದೇ, ಮಕ್ಕಳಿಗೆ ಜಡೆ ಹಾಕುವವಳೂ ಅವಳೇ. "ತಂಗೀನ ಎಷ್ಟು ಚೆನ್ನಾಗಿ ನೋಡ್ಕೊಂಡಿದೀರಿ ಮಾರಾಯ್ರೆ" ಎಂದು ಪಕ್ಕದ ಮನೆಯವರು ಹೊಗಳುವಾಗ ನಾನು ಸುಮ್ಮನೆ ನಗುತ್ತೇನೆ.

ನಾನು ಯಾರೊಂದಿಗಾದರೂ ಮಾತಾಡುವಾಗ ಪದ್ದು ಕೆಲಸ ಬಿಟ್ಟು ನನ್ನ ತುಟಿಯನ್ನೇ ನೋಡುತ್ತಾಳೆ. ಏನನ್ನೋ ತಾಳೆ ನೋಡುತ್ತಿದ್ದಾಳೆ ಎಂದು ನನಗೆ ಅನುಮಾನ. ಅಂದು ಟೀಚರ ಮೇಲಿದ್ದ ಅನುಮಾನ ಈಗ ಅವಳ ಮೇಲೆ ತಿರುಗಿದೆ—ಅವಳಿಗೆ ಗೊತ್ತೇ, ಗೊತ್ತಿದ್ದೂ ನನ್ನ ಮಕ್ಕಳ ಜಡೆ ಹೆಣೆಯುತ್ತಿದ್ದಾಳೆಯೇ?

ಮೊನ್ನೆ ಮಗಳು ಸೀಮೆಸುಣ್ಣದ ತುಂಡೊಂದನ್ನು ಅವಳ ಕೈಗಿಟ್ಟಳು. ಪದ್ದು ಅದನ್ನು ತಿರುಗಿಸಿ ತಿರುಗಿಸಿ ನೋಡಿ, ವಾಪಸ್ಸು ಕೊಟ್ಟು, ಎರಡೂ ಅಂಗೈ ಬಿಚ್ಚಿ ಅಲ್ಲಾಡಿಸಿದಳು. ನನ್ನ ಕೈಯಲ್ಲಿ ಆಗುವುದಿಲ್ಲ. ಅದು ನಾನು ಅವಳಿಗೆ ಹೇಳಿಕೊಟ್ಟ ಮಾತು.

ಇಷ್ಟನ್ನು ಬರೆದೆ. ಪದ್ದುವಿಗೆ ಓದಲು ಬರುವುದಿಲ್ಲ, ಅದಕ್ಕೇ ಇಷ್ಟು ಸಲೀಸಾಗಿ ಬರೆಯಲು ಸಾಧ್ಯವಾಯಿತು ಎಂಬುದೂ ನನಗೆ ಗೊತ್ತು. ನಾಳೆ ಮಕ್ಕಳು ಶಾಲೆಗೆ ಹೋದ ಮೇಲೆ ಅವಳನ್ನು ಕುರ್ಚಿಯಲ್ಲಿ ಕೂರಿಸಿ, ನಾನು ಕೆಳಗೆ ಕೂತು, ಕೈಯಲ್ಲಿ ಹೇಳುತ್ತೇನೆ: ಟೀಚರ್ ಬಾ ಎಂದಿದ್ದರು. ಬೇಡ ಎಂದವಳು ನಾನು.